ಇಸ್ರೋ ನಿಜವಾಗಿ ಇರುವುದು ಎಲ್ಲಿ, ನಮ್ಮ ಕಡೆ ಯಾಕೆ ಇಲ್ಲ?

ನೀವು ಯಾದಗಿರಿಯವರು, ಮಗಳು ಪಿಯುಸಿ ಸೈನ್ಸ್ ಓದುತ್ತಿದ್ದಾಳೆ, ಇಸ್ರೋಗೇ ಸೇರಬೇಕು ಅಂತಾಳೆ. ಆದರೆ ಒಬ್ಬರು ಬೆಂಗಳೂರು ಅಂದರೆ ಇನ್ನೊಬ್ಬರು ಶ್ರೀಹರಿಕೋಟಾ ಅಂತಾರೆ, ಇಸ್ರೋ ಎಲ್ಲಿದೆ, ನಮ್ಮ ಭಾಗಕ್ಕೆ ಯಾಕೆ ಒಂದು ಕೇಂದ್ರವೂ ಬರಲಿಲ್ಲ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಇಲ್ಲಿನ ಪಾಲಕರು ಇದನ್ನೇ ಜಾಸ್ತಿ ಕೇಳುತ್ತಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬೆಂಗಳೂರಲ್ಲಿರುವುದು ಹೆಡ್ ಆಫೀಸು, ಅಂತರಿಕ್ಷ ಭವನ. 1969ರಲ್ಲಿ ಶುರುವಾದ ಇಸ್ರೋ 1972ರಿಂದ ಬಾಹ್ಯಾಕಾಶ ಇಲಾಖೆಯ ಕೆಳಗಿದೆ, ಆ ಇಲಾಖೆ ಪ್ರಧಾನಿಯವರ ಕೈಯಲ್ಲೇ ಇರುತ್ತದೆ. ಕೆಲಸ ಮಾತ್ರ ಊರೂರಿಗೆ ಹಂಚಿಹೋಗಿದೆ. ರಾಕೆಟ್ ವಿನ್ಯಾಸ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದ್ದು. ದ್ರವ ಇಂಧನದ ಎಂಜಿನ್ ಅಲ್ಲೇ ಹತ್ತಿರದ ವಲಿಯಮಲದ್ದು, ಅದನ್ನು ಉರಿಸಿ ಪರೀಕ್ಷೆ ಮಾಡುವುದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ. ಉಪಗ್ರಹ ಜೋಡಿಸುವುದು ಬೆಂಗಳೂರಿನ ಯು.ಆರ್. ರಾವ್ ಕೇಂದ್ರ. ಅದರೊಳಗಿನ ಕ್ಯಾಮೆರಾ, ಟ್ರಾನ್ಸ್‌ಪಾಂಡರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಉಪಕರಣ) ಬರುವುದು ಅಹಮದಾಬಾದಿನಿಂದ. ಎಲ್ಲ ಕೊನೆಗೆ ರಾಕೆಟ್ ಹಾರಿಸುವ ಜಾಗ, ಆಂಧ್ರ ಕರಾವಳಿಯ ಶ್ರೀಹರಿಕೋಟಾ ಸೇರುತ್ತದೆ.

ಜಾಗಗಳನ್ನು ಸುಮ್ನೆ ಆರಿಸಿದ್ದಲ್ಲ. 1963ರಲ್ಲಿ ಮೊದಲ ರಾಕೆಟ್ ಹಾರಿದ್ದು ತಿರುವನಂತಪುರದ ಹತ್ತಿರದ ತುಂಬಾ ಅನ್ನುವ ಊರಿಂದ. ಅದು ಭೂಮಿಯ ಕಾಂತೀಯ ಸಮಭಾಜಕದ (ಕಾಂತದ ಮುಳ್ಳು ಮೇಲೆ ಕೆಳಗೆ ವಾಲದೆ ಸಮನಾಗಿ ನಿಲ್ಲುವ ರೇಖೆ) ಹತ್ತಿರವಿದೆ, ಅಲ್ಲಿನ ಮೇಲಿನ ವಾತಾವರಣ ಓದಬೇಕಿತ್ತು. ಶ್ರೀಹರಿಕೋಟಾದಿಂದ ಪೂರ್ವಕ್ಕೆ ಹಾರಿಸಿದರೆ ಭೂಮಿ ತಿರುಗುವ ವೇಗವೂ ರಾಕೆಟ್ಟಿಗೆ ಸಿಗುತ್ತದೆ, ಉರಿದು ಕಳಚಿದ ಭಾಗ ಸಮುದ್ರಕ್ಕೆ ಬೀಳುತ್ತದೆ. ಕಲಬುರಗಿಯಿಂದ ಯಾವ ದಿಕ್ಕಿಗೆ ಹಾರಿಸಿದರೂ ಅದು ಯಾರದೋ ಊರಿನ ಮೇಲೇ ಬೀಳಬೇಕು, ಅಲ್ವಾ? ಇನ್ನೊಂದು ಕಾರಣ ತೂಕ. ಚಂದ್ರಯಾನ-3 ಹೊತ್ತ ಎಲ್‌ವಿಎಂ3 ರಾಕೆಟ್ಟಿನ ಎರಡು ಪಕ್ಕದ ಬೂಸ್ಟರುಗಳಲ್ಲಿ ತಲಾ 200 ಟನ್ನಿಗೂ ಜಾಸ್ತಿ ಘನ ಇಂಧನ ಇರುತ್ತದೆ. ಅಷ್ಟನ್ನು ರಸ್ತೆ ಮೇಲೆ ತರುವ ಮಾತೇ ಇಲ್ಲ, ಶ್ರೀಹರಿಕೋಟಾದಲ್ಲೇ ತಯಾರಿಸಿ ತುಂಬುತ್ತಾರೆ.

ಹಾರಿದ ಮೇಲಿನ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. ಹಾಸನದ ಕೇಂದ್ರ ಸಂಪರ್ಕ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಬೆಂಗಳೂರು ಹೊರವಲಯದ ಬ್ಯಾಲಾಳುವಿನ 32 ಮೀಟರ್ ಆಂಟೆನಾ ಚಂದ್ರನವರೆಗೂ ಮಾತಾಡುತ್ತದೆ. ಉಪಗ್ರಹಗಳು ತೆಗೆದ ಭೂಮಿಯ ಚಿತ್ರಗಳನ್ನು ಇಳಿಸಿಕೊಳ್ಳುವುದು ತೆಲಂಗಾಣದ ಶಾದ್‌ನಗರ, ಅದು ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ನಮ್ಮ ಭಾಗವನ್ನು ಇಸ್ರೋ ಮುಟ್ಟಲೇ ಇಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹ ಬಳಸಿ ಹಳ್ಳಿಗಳಿಗೆ ನೇರವಾಗಿ ಟಿವಿ ತೋರಿಸುವ ಪ್ರಯೋಗ ನಡೆಯಿತು, ಅದರ ಹೆಸರು ಸೈಟ್. ಆರು ರಾಜ್ಯಗಳ ಸುಮಾರು 2,400 ಹಳ್ಳಿ ಆರಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯಲ್ಲೇ ಇತ್ತು. ಕೋಳಿ ಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ ದೊಡ್ಡ ಆಂಟೆನಾ, ಊರಿಗೆಲ್ಲ ಒಂದು ಟಿವಿ, ಬೇಸಾಯ, ಆರೋಗ್ಯ, ಮಕ್ಕಳ ಪಾಠ, ಅದೂ ಕನ್ನಡದಲ್ಲಿ. ಅದು ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನದ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ! ಹಿಂದುಳಿದ ಜಿಲ್ಲೆ ಅಂತಲೇ ನಮ್ಮನ್ನು ಆರಿಸಿದ್ದು, ಹೌದು. ಆದರೂ ದೇಶದ ಬಾಹ್ಯಾಕಾಶ ಕೆಲಸ ಜನರಿಗೆ ಉಪಯೋಗವಾಗುತ್ತದೋ ಇಲ್ಲವೋ ಅಂತ ಪರೀಕ್ಷೆಯಾದದ್ದು ನಮ್ಮ ಹಳ್ಳಿಗಳಲ್ಲಿ. ನಮ್ಮ ಶಾಲೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ ಅನ್ನುವುದೇ ನನಗೆ ಬೇಸರ.

ಈಗ ಮಗಳ ವಿಷಯ. ಪಿಯುಸಿ ಆದ ತಕ್ಷಣದ ದಾರಿ ತಿರುವನಂತಪುರದ ಐಐಎಸ್‌ಟಿ, ಬಾಹ್ಯಾಕಾಶ ಇಲಾಖೆಯದೇ ಕಾಲೇಜು. ಅದಕ್ಕೆ ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಬೇಕು. ಅದು ಆಗದಿದ್ದರೆ ಇಲ್ಲೇ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಸೈನ್ಸಲ್ಲಿ ಬಿಇ ಮಾಡಿ, ಇಸ್ರೋದ ನೇಮಕಾತಿ ಮಂಡಳಿ ಐಸಿಆರ್‌ಬಿ ಕರೆಯುವ ವಿಜ್ಞಾನಿ ಹುದ್ದೆಯ ಪರೀಕ್ಷೆ ಬರೆಯಬಹುದು. ಡಿಪ್ಲೊಮಾ, ಐಟಿಐ ಮಾಡಿದವರಿಗೂ ಹುದ್ದೆಗಳಿವೆ. ಆದರೆ ಅವನ್ನು ಸಾಮಾನ್ಯವಾಗಿ ಒಂದೊಂದು ಕೇಂದ್ರವೂ ಬೇರೆ ಬೇರೆಯಾಗಿ ಕರೆಯುತ್ತದೆ, ಹೆಡ್ ಆಫೀಸಿನ ವೆಬ್‌ಸೈಟ್ ಒಂದನ್ನೇ ನೋಡುತ್ತಾ ಕೂತರೆ ಕೈತಪ್ಪಬಹುದು. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ನಮ್ಮ 371(ಜೆ) ಸರ್ಟಿಫಿಕೇಟ್ ರಾಜ್ಯದ ಕೆಲಸಕ್ಕೆ, ಕಾಲೇಜು ಸೀಟಿಗೆ ಮಾತ್ರ. ಇಸ್ರೋ ಕೇಂದ್ರ ಸರ್ಕಾರದ್ದು, ಅಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಬಿಇ ಸೀಟಿಗೆ ಅದನ್ನು ಬಳಸಿಕೊಳ್ಳಿ, ಮುಂದಿನದಕ್ಕೆ ಅದನ್ನು ನಂಬಿ ಕೂರಬೇಡಿ.

ಅವಳಿಗೆ ಯಾವ ವಿಷಯ ಇಷ್ಟ ಅಂತ ಕೇಳಿ ತಿಳಿಸಿ. ಯಾವ ಕೇಂದ್ರದ ಪ್ರಕಟಣೆ ನೋಡುತ್ತಿರಬೇಕು ಅಂತ ಹೇಳುತ್ತೇನೆ.