ಒಂದೇ ಹೆಸರು, ಎರಡು ಹಡಗು

ಆತ್ಮೀಯ ಲೇಖಕರಿಗೆ ನಮಸ್ಕಾರ.

ನೀವು ಕಳುಹಿಸಿದ ‘ಸೇತುವೆಗೆ ಬಡಿದ ಯುದ್ಧವೀರ’ ಲೇಖನವನ್ನು ಎರಡು ಸಲ ಓದಿದೆ. 2025ರ ಮೇ 17ರ ಸಂಜೆ ನ್ಯೂಯಾರ್ಕಿನಲ್ಲಿ ಮೆಕ್ಸಿಕೊ ನೌಕಾಪಡೆಯ ‘ಕುವಾಟೆಮೊಕ್’ ಹಡಗು ಬ್ರೂಕ್ಲಿನ್ ಸೇತುವೆಗೆ ಬಡಿದು ಇಬ್ಬರು ಪ್ರಾಣ ಕಳೆದುಕೊಂಡ ದುರಂತವನ್ನು ಕನ್ನಡದ ಓದುಗರಿಗೆ ವಿವರವಾಗಿ ತಿಳಿಸಬೇಕೆಂಬ ನಿಮ್ಮ ಕಾಳಜಿ ನನಗೆ ಮೆಚ್ಚುಗೆಯಾಯಿತು. ಆದರೆ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ನಿಮ್ಮ ಭಾಷೆ ಸೊಗಸಾಗಿದೆ. ತೊಡಕಿರುವುದು ನೀವು ಬರೆದಿರುವುದು ಯಾವ ಹಡಗಿನ ಕಥೆ ಎಂಬಲ್ಲಿ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾವುಟ ಹೊತ್ತು ಪೆಸಿಫಿಕ್ ಸಾಗರದಲ್ಲಿ ಕಾದಾಡಿದ ಹಡಗೇ ಕೊನೆಗೆ ಅಮೆರಿಕದ ಸೇತುವೆಗೆ ಬಡಿದು ಮುರಿಯಿತು ಎಂಬ ವಿಧಿವಿಲಾಸದ ಮೇಲೆ ನಿಮ್ಮ ಇಡೀ ಲೇಖನ ನಿಂತಿದೆ. ಯುದ್ಧದಲ್ಲಿ ಕಾದಾಡಿದ್ದು ‘ಹ್ಯಾರಿಸನ್’ ಎಂಬ ಫ್ಲೆಚರ್ ವರ್ಗದ ವಿಧ್ವಂಸಕ ನೌಕೆ. ಮೆಕ್ಸಿಕೊ ಅದನ್ನು 1970ರಲ್ಲಿ ಕೊಂಡು ಕುವಾಟೆಮೊಕ್ ಎಂದು ಹೆಸರಿಟ್ಟಿತು. ಸೇತುವೆಗೆ ಬಡಿದದ್ದಾದರೋ 1982ರಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ನಿರ್ಮಾಣವಾದ ಮೂರು ಕೂವೆಮರಗಳ ಹಾಯಿಹಡಗು. ನೌಕಾಪಡೆಯ ಕೆಡೆಟ್‌ಗಳ ತರಬೇತಿಗೆಂದೇ ಕಟ್ಟಿಸಿದ್ದು. ಹೆಸರೊಂದನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ನಮ್ಮಲ್ಲಿಯೂ 1961ರಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಬೇರೆ, 2022ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಬೇರೆ ಎಂಬುದು ನಿಮಗೆ ಗೊತ್ತೇ ಇದೆ. ಹಡಗಿನ ಬಗ್ಗೆ ಬರೆಯುವಾಗ ಹೆಸರಿನ ಜೊತೆಗೆ ಅದನ್ನು ಕಟ್ಟಿದ ಸ್ಥಳ, ವರ್ಷ ಮತ್ತು ಅದರ ಬಗೆಯನ್ನು ಒಮ್ಮೆ ಹೊಂದಿಸಿ ನೋಡಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ.

ಆ ಹೆಸರೇ ನಿಮಗೆ ಇನ್ನೂ ಒಳ್ಳೆಯ ಎಳೆಯನ್ನು ಕೊಡುತ್ತದೆ ಎಂಬುದು ನನ್ನ ಅನಿಸಿಕೆ. ‘ಎರಗುವ ಹದ್ದು’ ಎಂಬ ಅರ್ಥದ ಹೆಸರು ಹೊತ್ತ ಕುವಾಟೆಮೊಕ್, 1521ರಲ್ಲಿ ಸ್ಪೇನಿನವರಿಗೆ ಸೆರೆಸಿಕ್ಕಿ 1525ರಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸನ ಆಜ್ಞೆಯಂತೆ ಮರಣದಂಡನೆಗೆ ಗುರಿಯಾದ ಅಜ್ಟೆಕ್ ದೊರೆ. ಅವನಿಗಿಂತ ಮೊದಲು ಆಳಿ ಸಿಡುಬಿನಿಂದ ಸತ್ತವನು ಕ್ವಿಟ್ಲಾವಾಕ್. ಮೆಕ್ಸಿಕೊ ಆಗ ಕೊಂಡ ಇನ್ನೊಂದು ವಿಧ್ವಂಸಕ ನೌಕೆಗೆ ಇಟ್ಟದ್ದು ಅವನ ಹೆಸರನ್ನೇ. ಸೋತ ಸಾಮ್ರಾಜ್ಯದ ದೊರೆಗಳನ್ನು ಒಂದು ದೇಶ ತನ್ನ ಹಡಗುಗಳಲ್ಲಿ ಹೀಗೆ ಉಳಿಸಿಕೊಂಡ ಬಗೆಯನ್ನು ನೀವು ಬಿಡಿಸಿ ಬರೆದರೆ ವಿಧಿವಿಲಾಸದ ಊರುಗೋಲು ಬೇಕಾಗುವುದಿಲ್ಲ.

ಇನ್ನು ‘ಸೇತುವೆಯ ಎತ್ತರವನ್ನು ಲೆಕ್ಕ ಹಾಕದ ಕಪ್ತಾನನ ಅಜಾಗರೂಕತೆ’ ಎಂಬ ವಾಕ್ಯ. ನೀರಿನಿಂದ ಸೇತುವೆಯ ನಡುಭಾಗದವರೆಗೆ ಸುಮಾರು 41 ಮೀಟರ್, ಹಡಗಿನ ಕೂವೆಮರಗಳು ಸುಮಾರು 48 ಮೀಟರ್ ಎಂಬ ನಿಮ್ಮ ಅಂಕಿಗಳು ಸರಿ. ಆದರೆ ಸೇತುವೆಯ ಕೆಳಗೆ ಹಾದುಹೋಗುವ ಉದ್ದೇಶವೇ ಆ ಹಡಗಿಗೆ ಇರಲಿಲ್ಲ. ಮ್ಯಾನ್‌ಹಟನ್ನಿನ 17ನೇ ಧಕ್ಕೆಯಿಂದ ಹೊರಟು, ಸೇತುವೆಗೆ ಬೆನ್ನು ಮಾಡಿ ಕಡಲಿನತ್ತ ಸಾಗಿ ಐಸ್‌ಲ್ಯಾಂಡಿಗೆ ಹೋಗಬೇಕಿದ್ದ ಅದು ಹಿಮ್ಮುಖವಾಗಿ ಚಲಿಸುತ್ತ ಹೋಗಿ ಸೇತುವೆಗೆ ತಗುಲಿತು. ಮೂತಿಯಲ್ಲಿದ್ದ ಕುವಾಟೆಮೊಕ್‌ನ ವಿಗ್ರಹದ ಮುಖ ಆ ಗಳಿಗೆಯಲ್ಲಿಯೂ ಸೇತುವೆಗೆ ವಿರುದ್ಧ ದಿಕ್ಕಿಗೇ ಇತ್ತು. ಹೀಗಿರುವಾಗ ಎತ್ತರದ ಲೆಕ್ಕ ತಪ್ಪಿತೆಂದು ಒಬ್ಬ ವ್ಯಕ್ತಿಯ ಮೇಲೆ, ಅದೂ ಎರಡು ಸಾವುಗಳಾದ ಘಟನೆಯಲ್ಲಿ, ಹೊಣೆ ಹೊರಿಸುವುದು ಅನ್ಯಾಯ. ಆ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ‘ಸೇತುವೆ ನಡುಗಿಹೋಯಿತು’ ಎಂಬುದನ್ನೂ ಬಿಡಿ. 1883ರ ಆ ಸೇತುವೆಗೆ ಗಂಭೀರ ಹಾನಿಯಾಗಲಿಲ್ಲ, ಮುರಿದದ್ದು ಮೂರು ಕೂವೆಗಳ ತುದಿಗಳು. ಸೇತುವೆಯ ಕೆಳಗಿನ ಈಸ್ಟ್ ರಿವರ್ ಕೂಡ ಹೆಸರಿಗೆ ಮಾತ್ರ ನದಿ. ಅದು ಭರತ ಇಳಿತಗಳಿರುವ ಜಲಸಂಧಿ.

ನಿಮ್ಮ ಆರನೆಯ ಪ್ಯಾರಾವನ್ನು ಮಾತ್ರ ಒಂದಕ್ಷರವೂ ಬದಲಿಸಬೇಡಿ. ಬಂದರಿಗೆ ವಿದಾಯ ಹೇಳಲು ಅಡ್ಡತೊಲೆಗಳ ಮೇಲೆ ಸಾಲಾಗಿ ನಿಂತಿದ್ದ ಎಳೆಯರು, ಕೂವೆಗಳು ಮುರಿಯುವಾಗ ಸೊಂಟದ ಸುರಕ್ಷತಾ ಪಟ್ಟಿಗಳಲ್ಲಿ ನೇತಾಡುತ್ತ ಹಗ್ಗಗಳನ್ನು ತಬ್ಬಿಕೊಂಡದ್ದನ್ನು ನೀವು ಅಬ್ಬರವಿಲ್ಲದೆ ಬರೆದಿದ್ದೀರಿ. ಹಡಗಿನಲ್ಲಿದ್ದ 277 ಜನರಲ್ಲಿ ಹೆಚ್ಚು ಅಪಾಯದಲ್ಲಿದ್ದವರು ಇವರೇ ಎಂಬುದು ಅದನ್ನು ಓದಿದಾಗ ನನಗೆ ಮನವರಿಕೆಯಾಯಿತು. ಲೇಖನವನ್ನು ಅಲ್ಲಿಂದಲೇ ಆರಂಭಿಸಿ, ಮೊದಲ ಮೂರು ಪ್ಯಾರಾಗಳನ್ನು ಕೈಬಿಟ್ಟು, ಹೆಸರಿನ ಕಥೆಯನ್ನು ನಡುವೆ ತಂದು ಮತ್ತೆ ಕಳುಹಿಸಿ. ಬಂದ ಕೂಡಲೇ ನಾನೇ ಓದುತ್ತೇನೆ.

ಇತಿ ನಿಮ್ಮ,
ಸಂಪಾದಕ