ಮೊದಲ ರೇಸಿನ ಏರಿನಲ್ಲಿ ಗುಂಪಿನಿಂದ ಹಿಂದೆ ಬಿದ್ದರೆ

ಮಳೆಗಾಲವಿಡೀ ಸೈಕಲ್ ಸರಿಯಾಗಿ ತುಳಿದಿಲ್ಲ, ಕುಶಾಲನಗರದಿಂದ ಮಡಿಕೇರಿಗೆ ಹತ್ತುವ ರೇಸಿನಲ್ಲಿ ಗುಂಪಿನ ಜೊತೆ ಉಳಿಯುವುದು ಹೇಗೆ ಅಂತ ಕೇಳಿದ್ದೀರಿ. ದಾರಿ ಸುಮಾರು 30 ಕಿ.ಮೀ., ಹತ್ತಬೇಕಾದ ಎತ್ತರ 300 ಮೀಟರಿಗೂ ಜಾಸ್ತಿ. ಶುರುವಿನಲ್ಲಿ ಇನ್ನೊಬ್ಬರ ಚಕ್ರದ ಹಿಂದೆಯೇ ಇರಿ. ಗಾಳಿಯನ್ನು ಅವರು ಸೀಳುತ್ತಾರೆ, ನಿಮ್ಮ ಕಾಲು ಉಳಿಯುತ್ತದೆ. ಸುಂಟಿಕೊಪ್ಪ ದಾಟಿದ ಮೇಲೆ ಏರಿನಲ್ಲಿ ವೇಗ ಇಳಿಯುವುದರಿಂದ ಆ ಲಾಭ ಕಡಿಮೆ. ಅಲ್ಲಿ ಯಾರಾದರೂ ಏಕಾಏಕಿ ವೇಗ ಹೆಚ್ಚಿಸಿ ಮುಂದೆ ಹೋದರೆ ದಯವಿಟ್ಟು ಬೆನ್ನತ್ತಬೇಡಿ. ಹಗುರ ಗೇರಿಗೆ ಬನ್ನಿ, ನಿಮ್ಮ ಉಸಿರಿನ ಲಯದಲ್ಲೇ ಹತ್ತಿ. ನಾನು ಮೊದಲ ಸಲ ಬೆನ್ನತ್ತಿ, ಎರಡೇ ತಿರುವಿನಲ್ಲಿ ಸುಸ್ತಾಗಿ ನಿಂತಿದ್ದೆ. ಈಗಲೂ ಬೇಜಾರಾಗುತ್ತದೆ. ಇನ್ನೊಂದು ಮಾತು, ಮರದ ನೆರಳಿನ ರಸ್ತೆ ಅಂಚಿನಲ್ಲಿ ಪಾಚಿ ಇರುತ್ತದೆ, ಅಲ್ವಾ? ಜಾರದಂತೆ ಟಯರಿನ ಗಾಳಿ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ.