ಸೋಲಾರ್ ನೀರು ಕುದಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮದು ದಾವಣಗೆರೆ. ಸೋಲಾರ್ ಹಾಕಿಸಿ ಆರು ವರ್ಷ ಆಯಿತು. 200 ಲೀಟರ್ ಟ್ಯಾಂಕ್, 20 ಗಾಜಿನ ಟ್ಯೂಬ್. ಆಗ ಮನೆಯಲ್ಲಿ ಆರು ಜನ ಇದ್ದೆವು. ಆಮೇಲೆ ಮಗಳ ಮದುವೆ ಆಯಿತು, ಮಗ ಪುಣೆಗೆ ಹೋದ, ಅತ್ತೆ ತೀರಿಕೊಂಡರು. ಈಗ ನಾನು, ಯಜಮಾನರು, ಮಾವ, ಮೂರೇ ಜನ. ಮಾರ್ಚ್‌ನಿಂದ ನಲ್ಲಿ ತಿರುಗಿಸಿದರೆ ಹಬೆ ಸಮೇತ ನೀರು ಬರುತ್ತಿದೆ. ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ. ಮೊನ್ನೆ ಮಾವನವರ ಪಾದ ಸುಟ್ಟಿತು. ಒಬ್ಬ ಪ್ಲಂಬರ್ ಐದು ಟ್ಯೂಬ್ ತೆಗೆಸಿ ಅಂತಾನೆ. ಇನ್ನೊಬ್ಬ ಇಡೀ ಸೋಲಾರ್ ಬದಲಾಯಿಸಿ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಅಮ್ಮಾ, ಮೊದಲು ಮಾವನವರ ಪಾದದ ವಿಷಯ. ಬೊಬ್ಬೆ ಎದ್ದಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರಂತೂ ತಡ ಮಾಡಲೇಬೇಡಿ. ಇನ್ನು ಮುಂದೆ ಯಾರಿಗಾದರೂ ಹೀಗಾದರೆ ತಕ್ಷಣ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ಬೆಣ್ಣೆ ಏನೂ ಹಚ್ಚಬೇಡಿ. 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. 70 ದಾಟಿದರೆ ಒಂದೇ ಸೆಕೆಂಡು ಸಾಕು. ವಯಸ್ಸಾದವರ ಚರ್ಮ ತೆಳು, ಕಾಲು ಹಿಂದಕ್ಕೆ ಎಳೆದುಕೊಳ್ಳುವುದೂ ನಿಧಾನ.

ಈಗ ಸೋಲಾರ್. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಒಬ್ಬರ ಸ್ನಾನಕ್ಕೆ 25ರಿಂದ 30 ಲೀಟರ್ ಬಿಸಿನೀರು ಹಿಡಿಯಿರಿ. ಆರು ಜನ ಇದ್ದಾಗ ಟ್ಯಾಂಕ್ ದಿನವೂ ಹೆಚ್ಚುಕಡಿಮೆ ಖಾಲಿಯಾಗಿ ತಣ್ಣೀರು ತುಂಬಿಕೊಳ್ಳುತ್ತಿತ್ತು. ಈಗ ಅರ್ಧಕ್ಕಿಂತ ಜಾಸ್ತಿ ಬಿಸಿನೀರು ಹಾಗೇ ಉಳಿಯುತ್ತದೆ. ಟ್ಯಾಂಕಿನ ಸುತ್ತ ದಪ್ಪ ಫೋಮ್ ಇರುವುದರಿಂದ ರಾತ್ರಿ ಅದು ಹೆಚ್ಚು ಆರುವುದಿಲ್ಲ. ಮರುದಿನ ಬಿಸಿಲು ಆ ಬಿಸಿಯ ಮೇಲೇ ಬಿಸಿ ಏರಿಸುತ್ತದೆ. ಹಳೇ ತಾಮ್ರದ ತಗಡಿನ ಸೋಲಾರ್ ಆಗಿದ್ದರೆ ಹೆಚ್ಚಿನ ಶಾಖ ಗಾಳಿಗೆ ಹೋಗುತ್ತಿತ್ತು. ನಿಮ್ಮ ಟ್ಯೂಬಿನಲ್ಲಿ ಎರಡು ಗಾಜಿನ ಪದರದ ನಡುವೆ ಗಾಳಿಯೇ ಇಲ್ಲ, ಒಳಗೆ ಹೋದ ಶಾಖ ಹೊರಗೆ ಬರುವುದಿಲ್ಲ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ 85 ಡಿಗ್ರಿ ಮುಟ್ಟುವುದು ಏನೂ ಹೆಚ್ಚಲ್ಲ. ಸೋಲಾರ್ ಕೆಟ್ಟಿಲ್ಲಮ್ಮ. ಮನೆಯಲ್ಲಿ ಜನ ಕಡಿಮೆ ಆದರು, ಅಷ್ಟೇ.

ಆದರೂ ಒಂದು ಅನುಮಾನ ಕಳೆದುಕೊಳ್ಳಿ. ಮೋಡದ ದಿನಕ್ಕೆ ಅಂತ ಟ್ಯಾಂಕಿನೊಳಗೆ ಕರೆಂಟ್ ಹೀಟರ್ ಕೊಟ್ಟಿರುತ್ತಾರೆ. ಅದರ ಸ್ವಿಚ್ ಯಾರೋ ಹಾಕಿ ಮರೆತಿದ್ದು, ಬಿಸಿ ಸಾಕಾದಾಗ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಕೂಡ ಕೆಟ್ಟಿದ್ದರೆ ನೀರು ಕಾಯುತ್ತಲೇ ಇರುತ್ತದೆ. ಪತ್ತೆ ಹಚ್ಚುವುದು ಸುಲಭ. ರಾತ್ರಿ ಒಂಬತ್ತಕ್ಕೆ ಬಿಸಿನೀರಿನ ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಸ್ಟೀಲ್ ಲೋಟದಲ್ಲಿ ನೀರು ಹಿಡಿದು, ಅಡುಗೆಯ ಥರ್ಮಾಮೀಟರಿನಲ್ಲಿ ಅಳೆಯಿರಿ. ಜ್ವರ ನೋಡುವುದು ಬೇಡ, ಅದು 42ಕ್ಕೇ ನಿಲ್ಲುತ್ತದೆ. ಬೆಳಿಗ್ಗೆ ಐದಕ್ಕೆ, ಯಾರೂ ನೀರು ಮುಟ್ಟುವ ಮೊದಲು, ಮತ್ತೆ ಅಳೆಯಿರಿ. ಒಂದೆರಡು ಡಿಗ್ರಿಯಾದರೂ ಇಳಿದಿರಬೇಕು. ಏರಿದ್ದರೆ ಅದು ಸೂರ್ಯನ ಕೆಲಸ ಅಲ್ಲ, ಕರೆಂಟಿನದು. ಎಂಸಿಬಿ (ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಟ್ಯೂಬ್ ತೆಗೆಸುವುದು ನನಗೆ ಇಷ್ಟವಿಲ್ಲ. ಟ್ಯಾಂಕಿನ ತೂತುಗಳಿಗೆ ಮುಚ್ಚಳ ಹಾಕಬೇಕು, ಅಲ್ಲೇ ಸೋರಿಕೆ ಶುರುವಾಗುತ್ತದೆ. ಜುಲೈ ಮೋಡದಲ್ಲಿ ಅದೇ ಟ್ಯೂಬು ಬೇಕು ಅನ್ನಿಸುತ್ತದೆ. ಬದಲಿಗೆ ಮುಚ್ಚಿ. ತುಮಕೂರಿನ ನಮ್ಮ ಮನೆಯಲ್ಲಿ ಯುಗಾದಿ ಕಳೆದ ವಾರ ನಾನು ಅಕ್ಕಿಯ ಗೋಣಿಚೀಲ ಬಿಚ್ಚಿ ಹೊಲಿದು, ಎಂಟು ಟ್ಯೂಬುಗಳ ಮೇಲೆ ಹಾಸಿ ಹುರಿಯಿಂದ ಕಟ್ಟುತ್ತೇನೆ. ಮುಂಗಾರು ಬಂದ ಮೇಲೆ ಬಿಚ್ಚುತ್ತೇನೆ. ನರ್ಸರಿಯ ಹಸಿರು ನೆರಳು ಬಲೆಯೂ ಆಗುತ್ತದೆ. ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡ, ಗಾಳಿಗೆ ಹಾರುತ್ತದೆ. ಈ ಕೆಲಸ ಸೂರ್ಯ ಹುಟ್ಟುವ ಮೊದಲೇ ಮುಗಿಸಿ. ನೀರಿನ ಬಿಸಿ ನೋಡಿಕೊಂಡು ಇನ್ನೆರಡು ಟ್ಯೂಬ್ ಮುಚ್ಚಬಹುದು, ಇಲ್ಲವೇ ಎರಡರ ಮೇಲಿನ ಚೀಲ ಸರಿಸಬಹುದು. ಪೂರ್ತಿ ತಣ್ಣಗೆ ಮಾಡುವ ಆಸೆ ಬೇಡ. ಉಗುರು ಬೆಚ್ಚಗೆ ದಿನಗಟ್ಟಲೆ ನಿಂತ ನೀರಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಟ್ಯಾಂಕಿನಲ್ಲಿ 60 ಇರಲಿ. ಹದ ಮಾಡುವುದು ಬಚ್ಚಲಲ್ಲಿ.

ಹಂಡೆಯ ಕಾಲದಲ್ಲಿ ನಮ್ಮ ಅಜ್ಜಿ ಮಾಡುತ್ತಿದ್ದದ್ದೂ ಅದೇ ಅಲ್ವಾ? ಒಲೆ ಮೇಲೆ ನೀರು ಕೊತಕೊತ ಕುದಿಯುತ್ತಿದ್ದರೂ ಪಕ್ಕದಲ್ಲೇ ತಣ್ಣೀರಿನ ತೊಟ್ಟಿ ಇರುತ್ತಿತ್ತು. ಮಾವನವರ ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 15 ಲೀಟರಿನ ಬಕೆಟ್‌ಗೆ 11 ಲೀಟರ್ ತಣ್ಣೀರು, 4 ಲೀಟರ್ ಬಿಸಿನೀರು ಹಾಕಿದರೆ, ತಣ್ಣೀರು 25 ಡಿಗ್ರಿ ಇದ್ದಾಗ, 85 ಡಿಗ್ರಿ ನೀರು ಕೂಡ ಸುಮಾರು 41ಕ್ಕೆ ಬರುತ್ತದೆ. ಬಕೆಟ್ ಒಳಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ತಾನೇ ಹದ ಮಾಡಿ ಕೊಡುವ ಮಿಕ್ಸಿಂಗ್ ವಾಲ್ವ್ ಕೂಡ ಸಿಗುತ್ತದೆ. ಆದರೆ ಮೇಲಿನ ಟ್ಯಾಂಕಿನ ಒತ್ತಡವೊಂದರಲ್ಲೇ ಎಲ್ಲ ವಾಲ್ವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಷ್ಟು ಒತ್ತಡ ಬೇಕು ಅಂತ ಕೇಳಿಯೇ ಕೊಳ್ಳಿ.

ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಯಾಕೆ? ಒಂದು ಬಕೆಟ್ ಬಿಟ್ಟು ನೋಡಿ. ಆಮೇಲೆ ತಣ್ಣಗೆ ಬಂದರೆ ಅದು ತಾರಸಿಯ ಪೈಪು ಬಿಸಿಲಿಗೆ ಕಾದದ್ದು, ಚಿಂತೆ ಇಲ್ಲ. ಬಿಸಿಯಾಗೇ ಬರುತ್ತಿದ್ದರೆ ಎರಡು ಲೈನು ಎಲ್ಲೋ ಸೇರಿಕೊಂಡಿವೆ. ನಾನು 28 ವರ್ಷ ಈ ಕೆಲಸ ಮಾಡಿದ್ದೇನೆ. ಹೆಚ್ಚಿನ ಮನೆಗಳಲ್ಲಿ ಕಂಡದ್ದು ಇದು: ಬಿಸಿನೀರು ತಣ್ಣೀರು ಬೆರೆಸುವ ಬಚ್ಚಲ ಮಿಕ್ಸರಿನ ಎರಡೂ ನಲ್ಲಿ ತೆರೆದಿಟ್ಟು, ಹ್ಯಾಂಡ್ ಶವರಿನ ಗುಂಡಿಯಲ್ಲಿ ಮಾತ್ರ ನೀರು ನಿಲ್ಲಿಸಿರುತ್ತಾರೆ. ಬಿಸಿನೀರು ಸದ್ದಿಲ್ಲದೆ ತಣ್ಣೀರಿನ ಲೈನಿಗೆ ದಾಟುತ್ತದೆ. ಅದಲ್ಲದಿದ್ದರೆ ಸೋಲಾರಿಗೆ ಹೋಗುವ ತಣ್ಣೀರಿನ ಪೈಪಿನಲ್ಲಿ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್, ಅಂದರೆ ಎನ್‌ಆರ್‌ವಿ ಇಲ್ಲ, ಅಥವಾ ಕೆಟ್ಟಿದೆ. ಹೊಸದು ಹಾಕಿಸಿ. ಹಾಕಿಸಿದ ಮೇಲೆ ಟ್ಯಾಂಕಿನಿಂದ ಮೇಲಕ್ಕೆ ನಿಂತಿರುವ ಗಾಳಿ ಪೈಪು ಕಟ್ಟಿಕೊಂಡಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಉಬ್ಬಿದ ನೀರಿಗೂ ಹಬೆಗೂ ಉಳಿಯುವ ದಾರಿ ಅದೊಂದೇ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಬಿಸಿ ತಡೆಯಲಾರದೆ ಮಧ್ಯಾಹ್ನ ಟ್ಯಾಂಕ್ ಖಾಲಿ ಮಾಡಿ ತಣ್ಣೀರು ಬಿಡಬೇಡಿ. ಒಣಗಿ ಕಾದ ಟ್ಯೂಬಿಗೆ ತಣ್ಣೀರು ಬಿದ್ದರೆ ಗಾಜು ಒಡೆಯುತ್ತದೆ. ಸಂಪಿನಲ್ಲಿ ನೀರು ಮುಗಿದು ಟ್ಯಾಂಕ್ ಒಣಗಿದರೂ ಅಷ್ಟೇ, ಮರುದಿನ ಬೆಳಗಿನ ಜಾವ ತುಂಬಿಸಿ.

ಪ್ರಶ್ನೆ: ಮೈಸೂರಿನ ಬಾಡಿಗೆ ಮನೆ. 15 ಲೀಟರ್ ಗೀಸರ್. ಸ್ವಿಚ್ ಹಾಕಿ ಬಿಟ್ಟರೆ ನಲ್ಲಿ ಬುಸುಗುಟ್ಟಿ ಹಬೆ ಬರುತ್ತದೆ. ಪಕ್ಕದ ಸಣ್ಣ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ. ಅದಕ್ಕೆ ಎಂ-ಸೀಲ್ ಹಚ್ಚಿಸಿ ಅಂತಾರೆ ಮನೆ ಓನರ್. ಹಚ್ಚಿಸಲೇ?

ಉತ್ತರ: ಖಂಡಿತ ಬೇಡ. ಒಳಗಿನ ಒತ್ತಡ ಮಿತಿ ಮೀರಿದರೆ ಹೊರಗೆ ಬಿಡುವುದೇ ಆ ವಾಲ್ವಿನ ಕೆಲಸ. ಅದನ್ನು ಮುಚ್ಚಿದರೆ ಗೀಸರ್ ಸಿಡಿಯಬಹುದು. ಹಬೆ ಬರುತ್ತಿದೆ ಅಂದರೆ ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತಿಲ್ಲ. ಅದು ಕೈಕೊಟ್ಟರೆ ಕರೆಂಟ್ ಕಡಿಯಲೆಂದು ಅದರ ಜೊತೆಗಿರುವ ಕಟ್‌ಔಟ್ ಕೂಡ ಕಡಿಯುತ್ತಿಲ್ಲ. ಎಂಸಿಬಿ ಇಳಿಸಿ. ರಿಪೇರಿ ಆಗುವವರೆಗೆ ಗ್ಯಾಸಿನ ಮೇಲೆ ನೀರು ಕಾಯಿಸಿಕೊಳ್ಳಿ. ಎರಡನ್ನೂ ಹೊಸದು ಹಾಕಿಸಿ, ಜೊತೆಗೇ ಕಾಯಿಲ್ ಬಿಚ್ಚಿ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಕೂತಿದೆಯಾ ನೋಡಿಸಿ. ಓನರ್ ಒಪ್ಪದಿದ್ದರೆ ಈ ಪುಟ ತೋರಿಸಿ.